ಪಥ್ಯವೋ, ಪಂಕ್ತಿಭೇದವೋ?

ಊಟದ ಪಂಕ್ತಿಯಲ್ಲಿ ಕುಳಿತವರೆಲ್ಲರಿಗೂ ಒಂದೇ ಬಗೆಯಾಗಿ ಬಡಿಸಬೇಕು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ಒಬ್ಬನ ಎಲೆಗೆ ಹೋಳಿಗೆ ತುಪ್ಪ ಬಿದ್ದು ಅವನ ಮಗ್ಗುಲಿನವನ ಎಲೆಗೆ ಬರಿಯ ಅನ್ನ ಸಾರು ಬಿದ್ದರೆ ಹಿರಿಯರು ಅದನ್ನು ಪಂಕ್ತಿಭೇದವೆಂದು ಕರೆದು ಪಾಪಗಳ ಸಾಲಿಗೆ ಸೇರಿಸಿದರು. ಮಾತು ಹೀಗಿದ್ದರೂ ನಡತೆಯಲ್ಲಿ ನಾವು ಎಷ್ಟು ಜನರನ್ನು ಪಂಕ್ತಿಯ ಹತ್ತಿರಕ್ಕೇ ಬಿಟ್ಟುಕೊಳ್ಳದೆ ಹೊರಗೆ ಕೂರಿಸಿದ್ದೇವೆ ಎಂಬುದು ನಾಚಿಕೆಯಿಂದ ನೆನೆಯಬೇಕಾದ ಬೇರೊಂದು ಕಥೆ. ಅದು ಹಾಗಿರಲಿ. ಅದೇ ಪಂಕ್ತಿಯಲ್ಲಿ ಜ್ವರದಿಂದ ಈಗತಾನೆ ಎದ್ದವನೊಬ್ಬನು ಕುಳಿತಿದ್ದು, ಮನೆಯ ತಾಯಿ ಅವನಿಗೆ ಹೋಳಿಗೆಯನ್ನು ಬಿಟ್ಟು ಗಂಜಿಯನ್ನು ತಂದಿಟ್ಟರೆ ಅದನ್ನು ಯಾರೂ ಪಂಕ್ತಿಭೇದವೆನ್ನುವುದಿಲ್ಲ. ಅದು ಪಥ್ಯ. ಎಲೆಯ ಮೇಲೆ ಬಿದ್ದುದನ್ನಷ್ಟೇ ನೋಡುವವನಿಗೆ ಎರಡು ಕಡೆಯೂ ಕಾಣುವುದು ಒಂದೇ: ಒಬ್ಬನಿಗೆ ಕಡಿಮೆ ಕೊಟ್ಟಿದ್ದಾರೆ. ಭೇದವಿರುವುದು ಬಡಿಸಿದ ಕೈಯ ಹಿಂದಿನ ಕಾರಣದಲ್ಲಿ.

ಈ ಮನೆಮಾತನ್ನು ಕೈದೀವಿಗೆಯಾಗಿ ಹಿಡಿದು ನಾವು ಇಲ್ಲಿ ಒಂದು ಕಠಿನವಾದ ಪ್ರಶ್ನೆಯನ್ನು ನೋಡಬೇಕೆಂದಿದ್ದೇವೆ. ಎಚ್.ಐ.ವಿ. ಸೋಂಕಿನೊಡನೆ ಬದುಕುತ್ತಿರುವವರಿಗೆ ಅರ್ಬುದ, ಎಂದರೆ ಕ್ಯಾನ್ಸರ್, ಬಂದಾಗ ವೈದ್ಯರು ಅವರಿಗೆ ಕೀಮೋಥೆರಪಿಯ ಔಷಧಗಳನ್ನು ಎಷ್ಟರಮಟ್ಟಿಗೆ ಕೊಡಬೇಕು? ಸೋಂಕಿಲ್ಲದವರಿಗೆ ಕೊಡುವಷ್ಟನ್ನೇ ಕೊಡಬೇಕೇ? ದುರ್ಬಲರೆಂದು ಕಡಿಮೆ ಕೊಡಬೇಕೇ? ಕೊಡದೆಯೇ ಬಿಡಬಹುದೇ? ಮೇಲುನೋಟಕ್ಕೆ ಇದು ವೈದ್ಯರ ಕೊಠಡಿಯೊಳಗೆ ತೀರ್ಮಾನವಾಗತಕ್ಕ ಲೆಕ್ಕದಂತೆ ತೋರುತ್ತದೆ. ಒಳಹೊಕ್ಕು ನೋಡಿದರೆ ಇದು ಧರ್ಮಸೂಕ್ಷ್ಮದ ವಿಷಯ. ವೈದ್ಯರಲ್ಲದ ನಮಗೂ ಸಂಬಂಧಪಟ್ಟದ್ದು.

ಮೊದಲು ಕಷ್ಟವೇನೆಂಬುದನ್ನು ತಿಳಿಯೋಣ. ಎಚ್.ಐ.ವಿ. ಎಂಬ ವೈರಸ್ಸು ರಕ್ತದಲ್ಲಿರುವ ಸಿ.ಡಿ.೪ ಎಂಬ ಬಿಳಿಯ ಕಣಗಳನ್ನು ಹೊಕ್ಕು ನಾಶಮಾಡುತ್ತದೆ. ಈ ಕಣಗಳು ದೇಹದ ಕಾವಲುಪಡೆಗೆ ಅಪ್ಪಣೆ ಕೊಡುವ ದಳಪತಿಗಳಿದ್ದಂತೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸಾಮಾನ್ಯವಾಗಿ ೫೦೦ಕ್ಕೂ ಹೆಚ್ಚಾಗಿರುವ ಇವುಗಳ ಸಂಖ್ಯೆ ೨೦೦ಕ್ಕಿಂತ ಕೆಳಗಿಳಿದರೆ ಆ ಸ್ಥಿತಿಯನ್ನು ಏಡ್ಸ್ ಎಂದು ಗಣಿಸುತ್ತಾರೆ. ಇನ್ನು ಕೀಮೋಥೆರಪಿಯೆಂಬುದು ಬೇಗಬೇಗನೆ ಒಡೆದು ಬೆಳೆಯುವ ಜೀವಕೋಶಗಳನ್ನು ಕೊಲ್ಲುವ ಔಷಧಗಳ ಚಿಕಿತ್ಸೆ. ಅರ್ಬುದದ ಕೋಶಗಳು ಹಾಗೆ ಬೆಳೆಯುವಂಥವು. ಆದರೆ ಕೂದಲ ಬೇರು, ಬಾಯಿ ಮತ್ತು ಕರುಳಿನ ಒಳಪದರ, ರಕ್ತಕಣಗಳು ಹುಟ್ಟುವ ಮೂಳೆಯ ಮಜ್ಜೆ, ಇವೂ ಹಾಗೆಯೇ. ಕಳೆಯೊಡನೆ ಒಂದಿಷ್ಟು ಪೈರನ್ನೂ ಕೀಳುವುದು ಈ ಚಿಕಿತ್ಸೆಯ ಗುಣ. ಸೋಂಕು ಮೊದಲೇ ಬರಿದುಮಾಡಿದ ಕಣಜಕ್ಕೆ ಚಿಕಿತ್ಸೆಯೂ ಕೈಹಾಕುತ್ತದೆ. ಔಷಧ ಕೊಟ್ಟರೆ ಬೇರೆ ಸೋಂಕುಗಳು ನುಗ್ಗಿ ರೋಗಿ ಸಾಯಬಹುದು. ಕೊಡದಿದ್ದರೆ ಅರ್ಬುದವೇ ಕೊಲ್ಲುತ್ತದೆ. ಅತ್ತ ದರಿ, ಇತ್ತ ಪುಲಿ ಎಂಬ ಗಾದೆಗೆ ಇದಕ್ಕಿಂತ ಸರಿಯಾದ ಉದಾಹರಣೆ ಸಿಕ್ಕುವುದು ಕಷ್ಟ.

ಈ ಎರಡು ರೋಗಗಳ ನಂಟು ಮೊದಲ ದಿನದಿಂದಲೇ ಇದ್ದುದು. ವಿಯೆನ್ನಾ ನಗರದ ವೈದ್ಯ ಮೋರಿಟ್ಸ್ ಕಪೋಸಿ ೧೮೭೨ರಲ್ಲಿ ಚರ್ಮದ ಮೇಲೆ ಕೆನ್ನೀಲಿಯ ಗಂಟುಗಳಾಗಿ ಏಳುವ ಒಂದು ಅಪರೂಪದ ಅರ್ಬುದವನ್ನು ವರ್ಣಿಸಿದ್ದನು. ಹೆಚ್ಚಾಗಿ ಮುದುಕರಲ್ಲಿ ಕಾಣುತ್ತಿದ್ದ ಆ ರೋಗ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ೨೬ ಮಂದಿಯಲ್ಲಿ, ಅದರಲ್ಲಿಯೂ ಅಷ್ಟು ವಯಸ್ಸಾಗಿಲ್ಲದವರಲ್ಲಿ, ಕಾಣಿಸಿಕೊಂಡಿತೆಂದು ೧೯೮೧ರ ಜುಲೈ ತಿಂಗಳಲ್ಲಿ ಅಮೆರಿಕದ ಆರೋಗ್ಯ ಇಲಾಖೆಯ ವಾರದ ವರದಿ ತಿಳಿಸಿತು. ಏಡ್ಸ್ ಎಂಬ ಹೆಸರು ಹುಟ್ಟುವುದಕ್ಕೆ ಮುಂಚೆಯೇ ಈ ಅರ್ಬುದ ಅದರ ಬರವನ್ನು ಸಾರಿತ್ತು. ಅನಂತರ ಕೆಲವು ಬಗೆಯ ಲಿಂಫೋಮಾಗಳನ್ನೂ, ೧೯೯೩ರಲ್ಲಿ ಗರ್ಭಕೊರಳಿನ ಅರ್ಬುದವನ್ನೂ ಏಡ್ಸಿನ ಲಕ್ಷಣಗಳ ಪಟ್ಟಿಗೆ ಸೇರಿಸಿದರು. ಸೋಂಕಿರುವ ಹೆಂಗಸರಿಗೆ ಗರ್ಭಕೊರಳಿನ ಅರ್ಬುದ ಬರುವ ಸಂಭವ ಉಳಿದವರಿಗಿಂತ ಆರು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಎಚ್.ಐ.ವಿ. ಇರುವುದನ್ನು ಮೊದಲು ಕಂಡುಹಿಡಿದದ್ದು ೧೯೮೬ರಲ್ಲಿ ಚೆನ್ನೈಯಲ್ಲಿ, ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ. ಆದ್ದರಿಂದ ಇದು ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ.

ಆ ಮೊದಲ ವರ್ಷಗಳ ವೈದ್ಯರು ಏನು ಮಾಡಿದರು? ಪೂರ್ತಿ ಔಷಧ ಕೊಟ್ಟರೆ ರೋಗಿ ತಾಳಲಾರನೆಂದು ಪ್ರಮಾಣವನ್ನು ತಗ್ಗಿಸಿದರು. ಅದು ಸರಿಯೇ ಎಂಬುದನ್ನು ತಿಳಿಯಲು ಅಮೆರಿಕದಲ್ಲಿ ಲಿಂಫೋಮಾ ಬಂದಿದ್ದ ಸುಮಾರು ಇನ್ನೂರು ಮಂದಿ ಸೋಂಕಿತರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೂರ್ಣ ಪ್ರಮಾಣ, ಇನ್ನೊಂದಕ್ಕೆ ಕಡಿಮೆ ಪ್ರಮಾಣ ಕೊಟ್ಟು ನೋಡಿದರು. ಫಲಿತಾಂಶ ೧೯೯೭ರಲ್ಲಿ ಪ್ರಕಟವಾಯಿತು. ಬದುಕಿನ ಅವಧಿಯಲ್ಲಿ ಗಣನೀಯವಾದ ವ್ಯತ್ಯಾಸವಿರಲಿಲ್ಲ. ಔಷಧದ ಬಾಧೆ ಮಾತ್ರ ಕಡಿಮೆ ಪಡೆದವರಲ್ಲಿ ಕಡಿಮೆಯಾಗಿತ್ತು. ಎರಡು ಗುಂಪುಗಳಲ್ಲಿಯೂ ಅರ್ಧದಷ್ಟು ಮಂದಿ ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡರು. ಆ ದಿನಗಳಲ್ಲಿ ಕಡಿಮೆ ಕೊಟ್ಟದ್ದು ನ್ಯಾಯವೇ ಆಗಿತ್ತೆಂದು ನಾವು ಒಪ್ಪಬೇಕು. ಪರೀಕ್ಷಿಸಿ, ತೂಗಿ, ರೋಗಿಯ ಹಿತವನ್ನೇ ನೋಡಿ ಕೊಟ್ಟ ಗಂಜಿ ಅದು.

ಆದರೆ ಪ್ರಯೋಗದ ಫಲ ಅಚ್ಚಾಗುವ ಹೊತ್ತಿಗೆ ಕಾಲ ಬದಲಾಗಿತ್ತು. ೧೯೯೬ರ ಸುಮಾರಿಗೆ ಮೂರು ಔಷಧಗಳನ್ನು ಕೂಡಿಸಿ ಕೊಟ್ಟು ಎಚ್.ಐ.ವಿ.ಯನ್ನು ಹತ್ತಿಕ್ಕುವ ಚಿಕಿತ್ಸೆ ಬಳಕೆಗೆ ಬಂದಿತು. ಭಾರತ ಸರ್ಕಾರ ಅದನ್ನು ೨೦೦೪ರ ಏಪ್ರಿಲ್ ಒಂದರಿಂದ ಉಚಿತವಾಗಿ ಕೊಡಲು ತೊಡಗಿತು. ತಪ್ಪದೆ ಮಾತ್ರೆ ನುಂಗುವವರಲ್ಲಿ ವೈರಸ್ಸು ಅಡಗುತ್ತದೆ, ಸಿ.ಡಿ.೪ ಕಣಗಳು ಏರುತ್ತವೆ, ಬರಿದಾಗಿದ್ದ ಕಣಜ ಮತ್ತೆ ತುಂಬುತ್ತದೆ. ಹೀಗೆ ಚೇತರಿಸಿಕೊಂಡವರು ಪೂರ್ಣ ಪ್ರಮಾಣದ ಕೀಮೋಥೆರಪಿಯನ್ನು ತಾಳಬಲ್ಲರು ಎಂಬುದು ಮತ್ತೆ ಮತ್ತೆ ಕಂಡುಬಂದಿತು. ಹಾಜ್‌ಕಿನ್ ಲಿಂಫೋಮಾಕ್ಕೆ ಬಳಸುವ ನಾಲ್ಕು ಔಷಧಗಳ ಚಿಕಿತ್ಸೆಯನ್ನು ಸೋಂಕಿದ್ದವರಿಗೂ ಇಲ್ಲದವರಿಗೂ ಕೊಟ್ಟು ಹೋಲಿಸಿದ ಬ್ರಿಟನ್ನಿನ ವೈದ್ಯರು, ಎಚ್.ಐ.ವಿ. ಇದ್ದ ಮಾತ್ರಕ್ಕೆ ಫಲ ಕೆಡುವುದಿಲ್ಲವೆಂದು ೨೦೧೨ರಲ್ಲಿ ಬರೆದರು. ಜ್ವರ ಇಳಿದಿತ್ತು, ಗಂಜಿಯ ಕಾಲ ಮುಗಿದಿತ್ತು.

ಮುಗಿದಿದ್ದರೂ ಅನೇಕ ಕಡೆ ಗಂಜಿಯನ್ನೇ ಬಡಿಸುತ್ತಿದ್ದರು. ಕೆಲವು ಕಡೆ ಅದೂ ಇಲ್ಲ. ಅರ್ಬುದ ಬಂದ ಸೋಂಕಿತರಲ್ಲಿ ಯಾವ ಚಿಕಿತ್ಸೆಯನ್ನೂ ಪಡೆಯದೆ ಉಳಿದವರ ಪ್ರಮಾಣ ಉಳಿದ ರೋಗಿಗಳಲ್ಲಿರುವುದಕ್ಕಿಂತ ಹೆಚ್ಚು ಎಂದು ಅಮೆರಿಕದಲ್ಲಿ ೨೦೧೩ರಲ್ಲಿಯೂ ೨೦೧೪ರಲ್ಲಿಯೂ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಔಷಧಕ್ಕೆ ಕೊರತೆಯಿಲ್ಲದ ದೇಶದ ಸ್ಥಿತಿ ಇದು. ಇದರ ಜೊತೆಗೆ ಇನ್ನೊಂದು ವಿಷವರ್ತುಲವಿತ್ತು. ಹೊಸ ಔಷಧಗಳನ್ನು ಪರೀಕ್ಷಿಸುವ ಪ್ರಯೋಗಗಳಲ್ಲಿ ಎಚ್.ಐ.ವಿ. ಇರುವವರನ್ನು ಸೇರಿಸಿಕೊಳ್ಳಬಾರದೆಂಬ ಷರತ್ತನ್ನು ವಾಡಿಕೆಯಾಗಿ ಬರೆಯುತ್ತಿದ್ದರು. ಸೇರಿಸಿಕೊಳ್ಳದೆ ಇದ್ದುದರಿಂದ ಆ ಔಷಧ ಅವರಿಗೆ ಹಿತವೋ ಅಹಿತವೋ ಯಾರಿಗೂ ತಿಳಿಯಲಿಲ್ಲ. ತಿಳಿಯದೆ ಇದ್ದುದರಿಂದ ವೈದ್ಯರು ಅಂಜಿ ಕೊಡಲಿಲ್ಲ. ಈಜು ಬಾರದವನನ್ನು ನೀರಿಗೆ ಬಿಡಲಾರೆವು, ನೀರಿಗಿಳಿಯದೆ ಈಜು ಬಾರದು ಎಂಬಂತಾಯಿತು. ಈ ಷರತ್ತನ್ನು ಸಡಿಲಿಸಬೇಕೆಂದು ಅಮೆರಿಕದ ಅರ್ಬುದವೈದ್ಯರ ಸಂಘ ೨೦೧೭ರಲ್ಲಿ ಹೇಳಿತು. ಅಲ್ಲಿಯ ಔಷಧ ನಿಯಂತ್ರಣ ಇಲಾಖೆ ೨೦೨೦ರಲ್ಲಿ ಅದಕ್ಕೆ ಮಾರ್ಗದರ್ಶನ ಕೊಟ್ಟಿತು.

ಮೊದಲ ರೋಗಿಗೆ ಪಥ್ಯವಾಗಿದ್ದುದು ಇಪ್ಪತ್ತು ವರ್ಷಗಳ ಮೇಲಿನ ರೋಗಿಗೆ ಪಂಕ್ತಿಭೇದವಾದದ್ದು ಹೇಗೆ? ಯಾರೂ ಕೆಟ್ಟವರಾಗಬೇಕಾಗಲಿಲ್ಲ. ಕಾರಣ ಹೋದ ಮೇಲೆಯೂ ಕ್ರಮ ಉಳಿದುಕೊಂಡಿತು, ಅಷ್ಟೇ. ಎರಡನ್ನೂ ಬೇರ್ಪಡಿಸಿ ಗುರುತಿಸಲು ನಮಗೆ ಮೂರು ಲಕ್ಷಣಗಳು ತೋರುತ್ತವೆ. ಪಥ್ಯವು ನಾಡಿ ನೋಡಿ ಹುಟ್ಟುತ್ತದೆ. ಪಂಕ್ತಿಭೇದವು ಹೆಸರು ಕೇಳಿ ಹುಟ್ಟುತ್ತದೆ. ಪಥ್ಯಕ್ಕೆ ಅವಧಿಯುಂಟು, ಜ್ವರ ಇಳಿದರೆ ಅದು ತಾನಾಗಿ ಮುಗಿಯುತ್ತದೆ, ಪಂಕ್ತಿಭೇದಕ್ಕೆ ಕೊನೆಯಿಲ್ಲ. ಪಥ್ಯದ ಕಾರಣವನ್ನು ರೋಗಿಯ ಎದುರಿಗೆ ಬಾಯಿಬಿಟ್ಟು ಹೇಳಬಹುದು. ಪಂಕ್ತಿಭೇದದ ಕಾರಣವನ್ನು ಪಿಸುಮಾತಿನಲ್ಲಿ ಆಡಬೇಕಾಗುತ್ತದೆ.

ಇದರ ಅರ್ಥ ಎಲ್ಲರಿಗೂ ಕಣ್ಣುಮುಚ್ಚಿ ಒಂದೇ ಅಳತೆ ಸುರಿಯಬೇಕೆಂದಲ್ಲ. ಹಾಗೆ ಮಾಡುವವನು ಜ್ವರದವನ ಎಲೆಗೆ ಹೋಳಿಗೆ ಹಾಕಿ ಸಮಾನತೆಯನ್ನು ಸಾಧಿಸಿದೆನೆಂದು ಬೀಗುವವನು. ಲಿಂಫೋಮಾದ ವಾಡಿಕೆಯ ಚಿಕಿತ್ಸೆಗೆ ರಿಟುಕ್ಸಿಮ್ಯಾಬ್ ಎಂಬ ಔಷಧವನ್ನು ಸೇರಿಸಿ ಸೋಂಕಿತರಲ್ಲಿ ನಡೆಸಿದ ಒಂದು ಪ್ರಯೋಗದ ವಿವರ ೨೦೦೫ರಲ್ಲಿ ಹೊರಬಂದಿತು. ಆ ಔಷಧ ಪಡೆದವರಲ್ಲಿ ಬೇರೆ ಸೋಂಕುಗಳಿಂದ ಸತ್ತವರು ಹೆಚ್ಚಾಗಿದ್ದರು, ಸಿ.ಡಿ.೪ ಸಂಖ್ಯೆ ೫೦ಕ್ಕಿಂತ ಕಡಿಮೆಯಿದ್ದವರಲ್ಲಿ ಆ ಅಪಾಯ ಬಹಳ ಹೆಚ್ಚು. ಇಲ್ಲಿ ಎಚ್ಚರಿಕೆ ಕೊಟ್ಟದ್ದು ರೋಗದ ಹೆಸರಲ್ಲ, ರಕ್ತದ ಲೆಕ್ಕ. ಔಷಧ ಔಷಧಗಳ ನಡುವಣ ಕಲಹವನ್ನೂ ನೋಡಬೇಕಾಗುತ್ತದೆ. ಎಚ್.ಐ.ವಿ.ಗೆ ಕೊಡುವ ರಿಟೊನವಿರ್ ಎಂಬುದು ಯಕೃತ್ತಿನ ಕೆಲಸವನ್ನು ತಡೆದು ವಿನ್‌ಬ್ಲಾಸ್ಟಿನ್ ಮೊದಲಾದ ಅರ್ಬುದದ ಔಷಧಗಳನ್ನು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಅಳತೆ ತಪ್ಪಿ ನರಗಳಿಗೂ ಮಜ್ಜೆಗೂ ಪೆಟ್ಟಾಗುತ್ತದೆ. ಜಿಡೊವುಡಿನ್ ತಾನೇ ಮಜ್ಜೆಯನ್ನು ಕುಗ್ಗಿಸುವಂಥದು. ಇಂಥಲ್ಲಿ ಬಲ್ಲ ವೈದ್ಯನು ಅರ್ಬುದದ ಔಷಧವನ್ನು ಕಡಿತಗೊಳಿಸುವ ಮೊದಲು ಎಚ್.ಐ.ವಿ.ಯ ಮಾತ್ರೆಯನ್ನು ಬದಲಾಯಿಸಬಹುದೇ ಎಂದು ನೋಡುತ್ತಾನೆ. ಇಂದು ನಮ್ಮ ದೇಶದಲ್ಲಿ ಹೆಚ್ಚಾಗಿ ಕೊಡುವ ಡೊಲುಟೆಗ್ರವಿರ್ ಇಂಥ ಕಲಹಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಬೇರೆ ಸೋಂಕು ತಗುಲದಂತೆ ಮುನ್ನೆಚ್ಚರಿಕೆಯ ಮಾತ್ರೆ, ಬಿಳಿಯ ಕಣಗಳನ್ನು ಹೆಚ್ಚಿಸುವ ಚುಚ್ಚುಮದ್ದು, ಇವುಗಳನ್ನೂ ಜೊತೆಗೆ ಕೊಡುತ್ತಾನೆ. ಸಮಾನತೆಯೆಂದರೆ ಒಂದೇ ಪ್ರಮಾಣವಲ್ಲ. ಒಂದೇ ಬಗೆಯ ಶ್ರದ್ಧೆ. ಎಚ್.ಐ.ವಿ. ಇರುವವರಿಗೂ ಉಳಿದವರಿಗೆ ಕೊಡುವ ಚಿಕಿತ್ಸೆಯನ್ನೇ ಕೊಡಬೇಕು, ಸೋಂಕಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಬದಲಾಯಿಸಬಾರದು ಎಂದು ಅಮೆರಿಕದ ಅರ್ಬುದ ಕೇಂದ್ರಗಳ ಒಕ್ಕೂಟ ೨೦೧೮ರಲ್ಲಿ ಹೊರಡಿಸಿದ ಸೂತ್ರಗಳ ತಾತ್ಪರ್ಯವೂ ಇದೇ.

ಇದಕ್ಕೆ ಬರುವ ಆಕ್ಷೇಪಗಳನ್ನೂ ನೋಡೋಣ. ಮೊದಲನೆಯದು, ಹಾಸಿಗೆಗಳು ಕಡಿಮೆ, ಔಷಧ ದುಬಾರಿ, ಹೆಚ್ಚು ಕಾಲ ಬದುಕುವವನಿಗೆ ಅವು ಸಲ್ಲಲಿ ಎಂಬುದು. ಹಾಗೆ ತೂಗಲೇಬೇಕಾದ ಸಂದರ್ಭ ಬಂದರೆ ತಕ್ಕಡಿ ಎಲ್ಲರಿಗೂ ಒಂದೇ ಆಗಿರಬೇಕು. ಸಿಹಿಮೂತ್ರದವನನ್ನೂ ಹೃದ್ರೋಗಿಯನ್ನೂ ಪರೀಕ್ಷೆಯ ಮೇಲೆ ತೂಗಿ, ಎಚ್.ಐ.ವಿ.ಯವನನ್ನು ಮಾತ್ರ ಹೆಸರಿನ ಮೇಲೆ ತೂಗಿದರೆ ಅದು ತೂಕವಲ್ಲ. ಎರಡನೆಯದು, ತಾನಾಗಿ ತಂದುಕೊಂಡ ರೋಗವೆಂಬುದು. ಗಂಡನಿಂದ ಪಡೆದ ಹೆಂಡತಿ, ಹುಟ್ಟುವಾಗಲೇ ತಾಯಿಯಿಂದ ಪಡೆದ ಕೂಸು, ಇವರು ಏನನ್ನು ತಂದುಕೊಂಡರು? ಒಂದು ವೇಳೆ ತಂದುಕೊಂಡದ್ದೇ ಆದರೂ, ಬೀಡಿ ಸೇದಿ ಶ್ವಾಸಕೋಶದ ಅರ್ಬುದ ಬಂದವನನ್ನು ನಾವು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡುವುದಿಲ್ಲ. ವೈದ್ಯನ ತಕ್ಕಡಿಯಲ್ಲಿ ತೂಗತಕ್ಕದ್ದು ಔಷಧ, ಪಾಪಪುಣ್ಯಗಳಲ್ಲ. ಮೂರನೆಯದು, ಶುಶ್ರೂಷೆ ಮಾಡುವವರಿಗೆ ಸೋಂಕು ತಗುಲೀತೆಂಬ ಭಯ. ಭಯ ಸಹಜವೇ. ಆದರೆ ಯಾರ ರಕ್ತವನ್ನು ಮುಟ್ಟುವಾಗಲೂ ಕೈಗವಸು ಮೊದಲಾದ ಎಚ್ಚರಿಕೆಗಳನ್ನು ಪಾಲಿಸುವುದು ನಿಯಮ. ಸೂಜಿ ಚುಚ್ಚಿಕೊಂಡರೂ ೭೨ ಗಂಟೆಗಳೊಳಗೆ, ಸಾಧ್ಯವಾದಷ್ಟು ಬೇಗನೆ, ಮಾತ್ರೆ ತೊಡಗಿ ೨೮ ದಿನ ನುಂಗುವ ರಕ್ಷೆಯುಂಟು.

ನಾಲ್ಕನೆಯದೊಂದಿದೆ, ಅದು ಆಕ್ಷೇಪದ ರೂಪದಲ್ಲಿ ಬರುವುದೇ ಇಲ್ಲ. "ಅಯ್ಯೋ ಪಾಪ, ಮೊದಲೇ ನೊಂದಿದ್ದಾನೆ, ಅವನನ್ನು ಇನ್ನೂ ಏಕೆ ಬಾಧಿಸಬೇಕು?" ಎಂಬ ಮರುಕವಾಗಿ ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕಿಂತ ಅಪಾಯಕರವಾದದ್ದು. ದ್ವೇಷದಿಂದ ಕಸಿದವನನ್ನು ಎದುರಿಸಿ ಕೇಳಬಹುದು. ಮರುಕದಿಂದ ಕಸಿದವನಿಗೆ ತಾನು ಕಸಿದೆನೆಂಬುದೇ ತಿಳಿಯದು. ಕಳೆದುಕೊಂಡವನು ಕೈಮುಗಿದು ಹಿಂತಿರುಗುತ್ತಾನೆ.

ಹಾಗಾದರೆ ಬಾಧೆಯನ್ನು ಪಡಬೇಕೇ ಬೇಡವೇ ಎಂದು ನಿಶ್ಚಯಿಸತಕ್ಕವರು ಯಾರು? ಬಾಧೆಯನ್ನು ಪಡುವವನೇ. ಎಷ್ಟು ದಿನದ ಆಸೆಗೆ ಎಷ್ಟು ನೋವು ತಕ್ಕದ್ದೆಂಬ ಲೆಕ್ಕವನ್ನು ಬೇರೊಬ್ಬರು ಹಾಕಲಾರರು. ಎಲ್ಲವನ್ನೂ ಕೇಳಿ ತಿಳಿದು, ಸಾಕು, ಮನೆಯಲ್ಲಿಯೇ ಇರುತ್ತೇನೆ ಎನ್ನುವ ಹಕ್ಕೂ ಅವನದೇ. ಆದರೆ ಕೇಳಿ ತಿಳಿಯಬೇಕಾದರೆ ಹೇಳುವ ಮಾತು ಅವನ ಮಾತಾಗಿರಬೇಕು. ಅಕ್ಕಲಕೋಟೆಯ ಕಡೆಯವನು ಮುಂಬಯಿಗೆ ಹೋದಾಗ, ತಾಳವಾಡಿಯ ಕಡೆಯವಳು ಕೊಯಮತ್ತೂರಿಗೆ ಹೋದಾಗ, ಅರ್ಥವಾಗದ ಕಾಗದದ ಮೇಲೆ ಹೆಬ್ಬೆಟ್ಟನ್ನೊತ್ತಿದರೆ ಅದು ಒಪ್ಪಿಗೆಯಲ್ಲ. ಗಡಿಯ ಮೇಲೆ ಬಾಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊರಗಿಟ್ಟವರಿಂದಲೇ ಪಂಕ್ತಿಗೆ ಎಷ್ಟು ಬಂದಿದೆಯೆಂಬುದನ್ನೂ ಮರೆಯಬಾರದು. ಜಿಡೊವುಡಿನ್ ಹುಟ್ಟಿದ್ದು ೧೯೬೪ರಲ್ಲಿ, ಜೆರೋಮ್ ಹಾರ್ವಿಟ್ಸ್ ಎಂಬ ವಿಜ್ಞಾನಿಯ ಕೈಯಲ್ಲಿ, ಅರ್ಬುದದ ಔಷಧವಾಗಲೆಂದು. ಅರ್ಬುದಕ್ಕೆ ಅದು ಫಲಿಸಲಿಲ್ಲ, ೧೯೮೭ರಲ್ಲಿ ಎಚ್.ಐ.ವಿ.ಯ ಮೊದಲ ಔಷಧವಾಗಿ ಒದಗಿತು. ಎಚ್.ಐ.ವಿ.ಯೊಡನೆ ರಕ್ತದ ಅರ್ಬುದವೂ ಬಂದಿದ್ದ ತಿಮೊಥಿ ಬ್ರೌನ್ ಎಂಬಾತನನ್ನು ಬರ್ಲಿನ್ ನಗರದ ವೈದ್ಯರು ಕೈಬಿಡಲಿಲ್ಲ. ವೈರಸ್ಸು ಹೊಗಲಾರದಂಥ ಕಣಗಳಿದ್ದ ದಾನಿಯೊಬ್ಬರ ಮೂಲಕೋಶಗಳನ್ನು ಹುಡುಕಿ ೨೦೦೭ರಲ್ಲಿ ಆತನಿಗೆ ನೆಟ್ಟರು. ಎಚ್.ಐ.ವಿ.ಯಿಂದ ಪೂರ್ತಿ ಮುಕ್ತನಾದ ಮೊದಲ ಮನುಷ್ಯನೆಂದು ಜಗತ್ತು ಆತನನ್ನು ಅರಿತದ್ದು ಹೀಗೆ. ೨೦೨೦ರಲ್ಲಿ ಆತನು ತೀರಿಕೊಂಡದ್ದು ಮರಳಿ ಬಂದ ಅರ್ಬುದದಿಂದ. ಎರಡು ರೋಗ ಕೂಡಿದವನಿಗೆ ಚಿಕಿತ್ಸೆ ದಂಡವೆಂದು ಆ ವೈದ್ಯರು ಬಗೆದಿದ್ದರೆ, ಎಚ್.ಐ.ವಿ.ಯೂ ಗುಣವಾಗಬಲ್ಲುದೆಂಬುದು ನಮಗೆ ಅಷ್ಟು ಬೇಗ ತಿಳಿಯುತ್ತಿರಲಿಲ್ಲ.

ನಮ್ಮ ದೇಶದಲ್ಲಿ ೨೦೧೭ರಲ್ಲಿ ಅಂಗೀಕಾರವಾಗಿ ೨೦೧೮ರ ಸೆಪ್ಟೆಂಬರ್ ಹತ್ತರಿಂದ ಜಾರಿಗೆ ಬಂದ ಕಾನೂನು, ಎಚ್.ಐ.ವಿ. ಇದೆಯೆಂಬ ಕಾರಣಕ್ಕೆ ಚಿಕಿತ್ಸೆಯನ್ನು ನಿರಾಕರಿಸುವುದನ್ನು ನಿಷೇಧಿಸಿದೆ. ರೋಗಿಯ ತಿಳಿದ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಮಾಡಬಾರದೆಂದೂ ಹೇಳಿದೆ. ಕಾನೂನು ಬಾಗಿಲನ್ನು ತೆರೆಯಿಸಬಲ್ಲುದು. ಆದರೆ ಒಳಗೆ ಬಂದವನ ಎಲೆಗೆ ಮರುಕದಿಂದ ಕಡಿಮೆ ಬಡಿಸುವ ಕೈಯನ್ನು ಹಿಡಿಯಲಾರದು. ಅದನ್ನು ಹಿಡಿಯಬೇಕಾದದ್ದು ಬಡಿಸುವವನ ವಿವೇಕ.

ಅಧ್ಯಾಪಕರಾದ ನಮ್ಮ ವಾಚಕರು ಇಷ್ಟು ಹೊತ್ತಿಗೆ ತಮ್ಮ ತರಗತಿಯನ್ನು ನೆನೆದಿರಬಹುದು. ಹಿಂದೆ ಬಿದ್ದ ಹುಡುಗನಿಗೆ ಸುಲಭವಾದ ಲೆಕ್ಕವನ್ನು ಕೊಡುತ್ತೇವೆ. ಒಂದು ತಿಂಗಳು ಅದು ಪಥ್ಯ. ವರ್ಷ ಕಳೆದ ಮೇಲೆಯೂ ಅವನನ್ನು ಪರೀಕ್ಷಿಸದೆ ಅದೇ ಸುಲಭದ ಲೆಕ್ಕವನ್ನು ಕೊಡುತ್ತಿದ್ದರೆ ನಾವು ಅವನ ಎಲೆಯಿಂದ ಕದ್ದಂತೆ. "ಕನ್ನಡ ಶಾಲೆಯ ಮಕ್ಕಳಿಗೆ ಇಷ್ಟು ಸಾಕು" ಎಂಬ ಕನಿಕರದ ಮಾತನ್ನು ಕೇಳಿ ಬೆಳೆದವರಿಗೆ ಈ ಕಳವಿನ ಪರಿಚಯವುಂಟು. ಇನ್ನು ಎಚ್.ಐ.ವಿ. ಇರುವ ಮಗುವೇ ತರಗತಿಯಲ್ಲಿರಬಹುದು. ಅದನ್ನು ಹೊರಗೆ ಕಳುಹಿಸುವುದನ್ನೂ ಅದೇ ಕಾನೂನು ನಿಷೇಧಿಸಿದೆ. ಆ ವಿಷಯ ನಮಗೆ ತಿಳಿದುಬಂದರೆ ಇನ್ನೊಬ್ಬರಿಗೆ ಹೇಳದಿರುವುದು ನಮ್ಮ ಮೊದಲ ಕರ್ತವ್ಯ. ಅದರ ಪಾಠವನ್ನು ಕಡಿಮೆ ಮಾಡದಿರುವುದು ಎರಡನೆಯದು. ಆಯಾಸವಾದ ದಿನ ವಿಶ್ರಾಂತಿ ಕೊಡೋಣ. ಮರುದಿನ ಅದು ಎದ್ದು ಬಂದಾಗ, ನಿನ್ನೆಯ ಗಂಜಿಯನ್ನು ಮತ್ತೆ ಮುಂದಿಡುವ ಮೊದಲು, ಹಣೆಯನ್ನು ಮುಟ್ಟಿ ಜ್ವರ ಇದೆಯೇ ಎಂದು ನೋಡೋಣ.